ಭಯಾನಕರಸವೂ ಸತ್ತವರ ಹೆಸರೂ

ಪಂಪನನ್ನು ಪಾಠ ಹೇಳುವಾಗ ಪ್ರತಿವರ್ಷವೂ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ವೇಮುಲವಾಡದ ಅರಿಕೇಸರಿ ಎಲ್ಲಿ, ಪಾಂಡವರ ಅರ್ಜುನನೆಲ್ಲಿ? 941ರ ಸುಮಾರಿಗೆ ಕಾವ್ಯ ಬರೆದ ಕವಿ ತನ್ನ ಕಣ್ಣೆದುರಿನ ಅರಸನನ್ನು ಕರೆದೊಯ್ದು ಪುರಾಣಪುರುಷನ ಸಿಂಹಾಸನದ ಮೇಲೆ ಕೂರಿಸಿಬಿಟ್ಟನಲ್ಲ, ಇದು ಸರಿಯೆ? ಪ್ರತಿವರ್ಷವೂ ನಾನು ಒಂದೇ ಉತ್ತರವನ್ನು ಹೇಳುತ್ತ ಬಂದಿದ್ದೇನೆ. ಕವಿಗೆ ಆ ಸ್ವಾತಂತ್ರ್ಯ ಉಂಟು. ನಡೆದುದನ್ನು ನಡೆದಂತೆಯೇ ಹೇಳುವುದು ಇತಿಹಾಸದ ಕೆಲಸ, ಕಾವ್ಯದ್ದಲ್ಲ. ಆನಂದವರ್ಧನನೇ ಈ ಮಾತಿಗೆ ಒತ್ತಾಸೆಯಾಗಿ ನಿಂತಿದ್ದಾನೆ. ಉತ್ತರ ಪರೀಕ್ಷೆಗೆ ಸಾಕು, ಹುಡುಗರು ಬರೆದುಕೊಳ್ಳುತ್ತಾರೆ, ಗಂಟೆ ಹೊಡೆಯುತ್ತದೆ. ಕಳೆದ ವರ್ಷ ಮಾತ್ರ ಆ ಉತ್ತರ ಸಾಲದೆ ಹೋಯಿತು.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಹಾಗಾದರೆ ಅಬ್ರಹಾಂ ಲಿಂಕನ್ ಕೊಡಲಿ ಹಿಡಿದು ರಕ್ತಪಿಶಾಚಿಗಳನ್ನು ಕಡಿದದ್ದೂ ಸರಿಯೇ ಸರ್?’ ಎಂದ. ಹಾಗೊಂದು ಚಿತ್ರ ಬಂದಿರುವುದನ್ನು ಅವನು ಮೊಬೈಲಿನಲ್ಲಿ ನೋಡಿದ್ದನಂತೆ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆಗ ಅವನ ಪಕ್ಕದವನು ಕುಳಿತಲ್ಲಿಂದಲೇ ಹೇಳಿದ: ‘ಅದು ಸುಳ್ಳು, ಎಲ್ಲರಿಗೂ ಗೊತ್ತು. ಆದರೆ ಬಾತ್‌ಶೆಬಾದು ನಿಜ ಸರ್. ಅವಳು ಮಾಟಗಾತಿ. ಮಗುವನ್ನು ಬಲಿ ಕೊಟ್ಟು ಮರಕ್ಕೆ ನೇಣು ಹಾಕಿಕೊಂಡಳು. ನಿಜವಾಗಿ ನಡೆದ ಕಥೆ ಅಂತ ಚಿತ್ರದಲ್ಲೇ ಹೇಳುತ್ತಾರೆ.’

ಈ ಮಾತಿಗೆ ಯಾರೂ ನಗಲಿಲ್ಲ. ಲಿಂಕನ್ನನ ವಿಷಯದಲ್ಲಿ ನಕ್ಕ ಅದೇ ಮಕ್ಕಳು ಈ ಅಪರಿಚಿತ ಹೆಂಗಸಿನ ವಿಷಯದಲ್ಲಿ ಏಕೆ ನಗಲಿಲ್ಲ? ಮನೆಗೆ ಬಂದಮೇಲೂ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಭಯದ ಚಿತ್ರಗಳನ್ನು ನೋಡುವ ಅಭ್ಯಾಸ ನನಗೆ ಇಲ್ಲ. ಆದರೂ ದಸರೆಯ ರಜೆಯಲ್ಲಿ ಅಣ್ಣನ ಮಗನ ಲ್ಯಾಪ್‌ಟಾಪನ್ನು ಎರವಲು ತಂದು, ನಿಜವಾದ ವ್ಯಕ್ತಿಗಳನ್ನು ದೆವ್ವ ಭೂತಗಳ ನಡುವೆ ತಂದು ನಿಲ್ಲಿಸಿದ ಕೆಲವು ಚಿತ್ರಗಳನ್ನು ಒಂದಾದಮೇಲೊಂದರಂತೆ ನೋಡಿದೆ. ‘ನಲವತ್ತೈದು ದಾಟಿದಮೇಲೆ ಇದೆಂಥ ಹುಚ್ಚು?’ ಎಂದು ಮನೆಯವರು ಕೇಳಿದರು. ಪಾಠಕ್ಕೆ ಬೇಕು ಎಂದೆ. ಅದು ಪೂರ್ತಿ ಸುಳ್ಳೇನಲ್ಲ.

ಮೊದಲು ಲಿಂಕನ್ನನ ಕಥೆಯನ್ನೇ ನೋಡೋಣ. 2012ರಲ್ಲಿ ಬಂದ ಆ ಚಿತ್ರದ ನಿರ್ದೇಶಕ ತಿಮೂರ್ ಬೆಕ್‌ಮಾಂಬೆತೋವ್. ಮೂಲ ಸೇಥ್ ಗ್ರಹಾಂ-ಸ್ಮಿತ್‌ನ 2010ರ ಕಾದಂಬರಿ. ಅದರಲ್ಲಿ ಲಿಂಕನ್ನನ ತಾಯಿ ಸಾಯುವುದು ರಕ್ತಪಿಶಾಚಿಯೊಂದರ ಕಾಟದಿಂದ. ಮಗನು ಬೆಳೆದು ಸೇಡು ತೀರಿಸಿಕೊಳ್ಳಲು ಕೊಡಲಿ ಹಿಡಿಯುತ್ತಾನೆ. ದಕ್ಷಿಣದ ಒಡೆಯರಿಗೆ ಗುಲಾಮರು ಬೇಕಾಗಿದ್ದುದು ಪಿಶಾಚಿಗಳ ಆಹಾರಕ್ಕಾಗಿ; ಗೆಟಿಸ್‌ಬರ್ಗಿನ ರಣರಂಗದಲ್ಲಿ ಎದುರು ಪಕ್ಷದ ಸೈನಿಕರೂ ಪಿಶಾಚಿಗಳೇ. ನಿಜದ ಸಂಗತಿ ಹೀಗಿದೆ. 1818ರಲ್ಲಿ, ಲಿಂಕನ್ ಒಂಬತ್ತು ವರ್ಷದ ಬಾಲಕನಾಗಿದ್ದಾಗ, ತಾಯಿ ನ್ಯಾನ್ಸಿ ತೀರಿಕೊಂಡಳು. ಕಾಡಿನಂಚಿನಲ್ಲಿ ಬೆಳೆಯುವ ಒಂದು ವಿಷದ ಗಿಡವನ್ನು ಹಸು ಮೇಯುತ್ತಿತ್ತು. ವಿಷ ಹಾಲಿಗೆ ಇಳಿಯುತ್ತಿತ್ತು. ಆ ಹಾಲನ್ನು ಕುಡಿದ ಮನೆಮಂದಿ ಕೆಲವೇ ದಿನಗಳಲ್ಲಿ ಸಾಯುತ್ತಿದ್ದರು. ಹಸುವಿನ ಹಾಲು ತಾಯಿಯನ್ನು ಕೊಂದಿತು ಎಂಬ ಸಂಗತಿಯಲ್ಲಿರುವ ಭೀಕರತೆಯನ್ನು ಯಾವ ಪಿಶಾಚಿ ತಾನೆ ತರಬಲ್ಲುದು?

ಈ ಚಿತ್ರದ ಬಗ್ಗೆ ನನಗೊಂದು ಆಕ್ಷೇಪವುಂಟು. ಅದು ಲಿಂಕನ್ನನ ಮಾನದ ವಿಷಯವಾಗಿ ಅಲ್ಲ. ಮನುಷ್ಯರನ್ನು ಸಂತೆಯಲ್ಲಿ ದನದಂತೆ ಮಾರಿದವರು ಪಿಶಾಚಿಗಳಲ್ಲ. ಪ್ರಾರ್ಥನೆ ಮಾಡಿ, ಲೆಕ್ಕ ಬರೆದಿಟ್ಟು, ಮಕ್ಕಳಿಗೆ ಮುತ್ತು ಕೊಟ್ಟು ಮಲಗುತ್ತಿದ್ದ ಮನುಷ್ಯರು. ಆ ಪಾಪವನ್ನು ಪಿಶಾಚಿಯ ತಲೆಗೆ ಕಟ್ಟಿದರೆ ಮನುಷ್ಯನ ತಲೆ ಹಗುರವಾಗುತ್ತದೆ. ಆದರೆ ಲಿಂಕನ್ನನಿಗೆ ಇದರಿಂದ ಕೂದಲೂ ಕೊಂಕುವುದಿಲ್ಲ. ಅವನ ಭಾಷಣಗಳಿವೆ, ಕಾಗದಗಳಿವೆ, ಒಂದು ಪುಸ್ತಕಭಂಡಾರವನ್ನು ತುಂಬುವಷ್ಟು ಜೀವನಚರಿತ್ರೆಗಳಿವೆ. ಈ ಸುಳ್ಳನ್ನು ಕೇಳಿದೊಡನೆಯೆ ನಗು ಬರುವುದು ನಿಜವು ನಮಗೆ ಮೊದಲೇ ತಿಳಿದಿರುವುದರಿಂದ. ನನ್ನ ಹುಡುಗರು ನಕ್ಕಿದ್ದು ಆ ತಿಳಿವಳಿಕೆಯ ಬಲದಿಂದ.

ಇನ್ನೊಂದು ಚಿತ್ರ ಚಿಲಿ ದೇಶದ್ದು. 2023ರಲ್ಲಿ ಪಾಬ್ಲೊ ಲರ‍್ರಾಯಿನ್ ಎಂಬ ನಿರ್ದೇಶಕ ತೆಗೆದ ‘ಎಲ್ ಕೋಂದೆ’. ಕಪ್ಪು ಬಿಳುಪಿನಲ್ಲಿರುವ ಈ ಚಿತ್ರದಲ್ಲಿ ಸೇನಾಧಿಕಾರಿ ಪಿನೊಚೆಟ್ ಇನ್ನೂರೈವತ್ತು ವರ್ಷದ ಮುದಿ ರಕ್ತಪಿಶಾಚಿ. ಸತ್ತಂತೆ ನಟಿಸಿ ಅಡಗಿಕೊಂಡವನು ರಾತ್ರಿಯ ಹೊತ್ತು ಸಮವಸ್ತ್ರದ ನಿಲುವಂಗಿಯನ್ನು ಬೀಸುತ್ತ ಸಾಂತಿಯಾಗೊ ನಗರದ ಮೇಲೆ ಹಾರುತ್ತಾನೆ. ಮನುಷ್ಯರ ಹೃದಯವನ್ನು ಕಿತ್ತು ತಂದು ಮಿಕ್ಸಿಯಲ್ಲಿ ಅರೆದು ಕುಡಿಯುತ್ತಾನೆ. ಇದೂ ಸತ್ತವನೊಬ್ಬನ ಹೆಸರನ್ನು ಪಿಶಾಚಿಗೆ ಇಟ್ಟದ್ದೇ. ಆದರೆ ಇಲ್ಲಿ ನನಗೆ ಅನ್ಯಾಯವೇನೂ ಕಾಣಲಿಲ್ಲ. 1973ರಲ್ಲಿ ಸೈನ್ಯದ ಬಲದಿಂದ ಅಧಿಕಾರವನ್ನು ಕಿತ್ತುಕೊಂಡ ಈ ಮನುಷ್ಯನ ಆಳ್ವಿಕೆಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಕೊಲೆಯಾದರು ಅಥವಾ ಕಾಣೆಯಾದರು. 1998ರಲ್ಲಿ ಲಂಡನ್ನಿನಲ್ಲಿ ಬಂಧನವಾದರೂ ಅನಾರೋಗ್ಯದ ಕಾರಣದಿಂದ 2000ದಲ್ಲಿ ಬಿಡುಗಡೆಯಾಗಿ ಊರಿಗೆ ಮರಳಿದ. 2006ರಲ್ಲಿ, ಯಾವ ಶಿಕ್ಷೆಯೂ ಇಲ್ಲದೆ, ಸತ್ತ. ನ್ಯಾಯಾಲಯ ಹೇಳದೆ ಬಿಟ್ಟುದನ್ನು ವಿಡಂಬನೆ ಹೇಳಿತು. ತನ್ನ ಕೈಯಲ್ಲಿ ಕೋವಿ ಇದ್ದವನ ಮೇಲೆ, ತನ್ನ ಕಥೆಯನ್ನು ತಾನೇ ಬೇಕಾದಂತೆ ಬರೆಸಿಕೊಳ್ಳಬಲ್ಲವನಾಗಿದ್ದವನ ಮೇಲೆ, ಚಿತ್ರ ತೆಗೆಯುವವನು ಇಷ್ಟು ಸಲಿಗೆ ವಹಿಸಿದರೆ ತಪ್ಪೆನ್ನಲಾರೆ.

ಡ್ರಾಕುಲಾನ ವಿಷಯ ಇವೆರಡರ ನಡುವಿನದು. ಅವನ ಹೆಸರನ್ನು ಕೇಳದವರಿಲ್ಲ. ಆದರೆ ಆ ಹೆಸರಿನ ಒಡೆಯನಾದ ವಲಾಕಿಯಾದ ಅರಸ ಮೂರನೆಯ ವ್ಲಾದ್‌ನನ್ನು ಬಲ್ಲವರು ಕಡಮೆ. ಹದಿನೈದನೆಯ ಶತಮಾನದಲ್ಲಿ ತುರುಕರ ಸೈನ್ಯಕ್ಕೂ ಹಂಗೇರಿಯ ಅರಸರಿಗೂ ನಡುವೆ ಸಿಕ್ಕಿಕೊಂಡು ಬಾಳಿದ ಕ್ರೂರಿ ಅವನು. ಶತ್ರುಗಳನ್ನು ಶೂಲಕ್ಕೇರಿಸಿದುದರಿಂದಲೇ ‘ಶೂಲಗಾರ’ ಎಂದು ಹೆಸರಾದವನು. ಅಚ್ಚಿನ ವಿದ್ಯೆ ಹೊಸದಾಗಿದ್ದ ಆ ಕಾಲದಲ್ಲಿ ಅವನ ಕ್ರೌರ್ಯದ ಕಥೆಗಳು ಜರ್ಮನಿಯಲ್ಲಿ ಕಿರುಹೊತ್ತಗೆಗಳಾಗಿ ಮಾರಾಟವಾದುವು. 1488ರಲ್ಲಿ ನ್ಯೂರೆಂಬರ್ಗಿನಲ್ಲಿ ಅಂಥದೊಂದು ಅಚ್ಚಾಯಿತು. ಅವು ಆ ಕಾಲದ ಭಯಾನಕ ಚಿತ್ರಗಳೆಂದೇ ಹೇಳಬಹುದು. ಆದರೂ ಅವನು ರಕ್ತ ಹೀರುವ ಪಿಶಾಚಿಯಾದುದು ಬಹುಕಾಲದ ಮೇಲೆ. ಬ್ರಾಮ್ ಸ್ಟೋಕರ್ 1890ರಲ್ಲಿ ವಿಟ್‌ಬಿ ಎಂಬ ಕಡಲೂರಿನ ಪುಸ್ತಕಾಲಯದಲ್ಲಿ ಹಳೆಯ ಗ್ರಂಥವೊಂದನ್ನು ತಿರುವುವಾಗ ಡ್ರಾಕುಲಾ ಎಂಬ ಹೆಸರನ್ನು ಕಂಡು ಗುರುತು ಹಾಕಿಕೊಂಡ. 1897ರ ಕಾದಂಬರಿಗೆ ಅವನು ಮುಖ್ಯವಾಗಿ ತೆಗೆದುಕೊಂಡದ್ದು ಹೆಸರನ್ನು ಮತ್ತು ಒಂದೆರಡು ಚೂರು ಇತಿಹಾಸವನ್ನು. ವ್ಲಾದನೇ ಪಿಶಾಚಿ ಎಂದು ಎರಡನ್ನೂ ಗಟ್ಟಿಯಾಗಿ ಹೊಲಿದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧ. 1992ರ ಕೊಪ್ಪೊಲನ ಚಿತ್ರವಂತೂ 1462ರ ಯುದ್ಧದಿಂದಲೇ ಕಥೆಯನ್ನು ತೊಡಗಿಸಿತು. ಇತ್ತ ರುಮೇನಿಯದಲ್ಲಿ ಅದೇ ವ್ಲಾದ್ ನಾಡನ್ನು ಕಾಯ್ದ ವೀರ. 1979ರಲ್ಲಿ ಆ ದೇಶದವರು ಅವನನ್ನು ನಾಯಕನನ್ನಾಗಿ ಮಾಡಿ ತಮ್ಮದೇ ಒಂದು ಚಿತ್ರ ತೆಗೆದರು. ಹೊರಗಿನ ಪ್ರವಾಸಿಗಳು ಮಾತ್ರ ಇಂದಿಗೂ ಬ್ರಾನ್ ಕೋಟೆಗೆ ಹೋಗಿ, ಅವನದಲ್ಲದ ಆ ಕೋಟೆಯಲ್ಲಿ ಪಿಶಾಚಿಯನ್ನು ಹುಡುಕುತ್ತಾರೆ. ಇಲ್ಲಿ ಒಂದು ಇತಿಹಾಸ ಮಸುಕಾಯಿತು, ನಿಜ. ಆದರೆ ಮರುಮಾತು ಹೇಳುವುದಕ್ಕೆ ಅವನ ಹಿಂದೆ ಒಂದು ದೇಶವೇ ನಿಂತಿದೆ.

ಹಿಂದೆ ಯಾರೂ ನಿಲ್ಲದವರ ಪಾಡೇನು? ಅಲ್ಲಿಗೆ ಹೋಗುವ ಮುನ್ನ ನಮ್ಮ ಅಲಂಕಾರಿಕರ ಒಂದು ಮಾತನ್ನು ನೆನೆಯಬೇಕಾಗಿದೆ. ಭಯವನ್ನು ರಸವೆಂದು ಎಣಿಸಿದವರು ನಾವು. ಭರತನ ಎಂಟು ರಸಗಳಲ್ಲಿ ಭಯಾನಕವೂ ಒಂದು. ದೆವ್ವ ನಮ್ಮ ಕಾವ್ಯಕ್ಕೆ ಹೊರಗಿನದೂ ಅಲ್ಲ. ರನ್ನನ ದುರ್ಯೋಧನ ಹೆಣಗಳ ನಡುವೆ ಹಾದುಹೋಗುವಾಗ ರಣಭೂಮಿಯ ಮರುಳುಗಳು ಅವನನ್ನು ತಡೆದು ಅಣಕಿಸುವುದನ್ನು ಓದಿ ಸುಖಪಡದವರಾರು? ಹೆದರಿಕೆಯಲ್ಲಿ ಸುಖವೆಲ್ಲಿಂದ ಬಂತು ಎಂಬುದಕ್ಕೆ ಅಭಿನವಗುಪ್ತ ಕೊಟ್ಟ ಉತ್ತರ ಸಾಧಾರಣೀಕರಣ. ಶಾಕುಂತಲದ ಮೊದಲ ಅಂಕದಲ್ಲಿ ರಾಜನ ಬಾಣಕ್ಕೆ ಬೆದರಿ ಓಡುವ ಜಿಂಕೆಯನ್ನು ಅವನು ಉದಾಹರಿಸುತ್ತಾನೆ. ಆ ಭಯ ನನ್ನದಲ್ಲ, ನಿನ್ನದಲ್ಲ, ಇಂಥ ಊರಿನ ಇಂಥ ದಿನದ ಇಂಥ ಜಿಂಕೆಯದೂ ಅಲ್ಲ. ದೇಶಕಾಲಗಳ ಕಟ್ಟು ಕಳಚಿ ಬರಿಯ ಭಯವಾಗಿ ನಿಂತಾಗಲೇ ಅದು ಆಸ್ವಾದಕ್ಕೆ ಬರುತ್ತದೆ. ಸಹೃದಯನು ನಡುಗುತ್ತಾನೆ, ಆದರೆ ಯಾರನ್ನೂ ದ್ವೇಷಿಸುವುದಿಲ್ಲ.

ಈಗಿನ ಚಿತ್ರಗಳು ಮಾಡುವುದು ಇದಕ್ಕೆ ತಿರುಗುಮುರುಗು. ‘ಇದು ನಿಜವಾಗಿ ನಡೆದುದು’ ಎಂಬ ಫಲಕವನ್ನು ಮೊದಲು ತೋರಿಸಿ, ಊರಿನ ಹೆಸರನ್ನೂ ಇಸವಿಯನ್ನೂ ಹೇಳಿ, ಕಳಚಿಹೋಗಬೇಕಾದ ಕಟ್ಟುಗಳನ್ನೆಲ್ಲ ಮತ್ತೆ ಬಿಗಿಯುತ್ತಾರೆ. ಆಗ ಭಯ ರಸವಾಗಿ ಉಳಿಯದೆ ಸುದ್ದಿಯಾಗುತ್ತದೆ. ನೋಡಿದವನು ಆಟ ಮುಗಿದ ಮೇಲೆ ಅದನ್ನು ಮಂದಿರದಲ್ಲಿ ಬಿಟ್ಟು ಬರಲಾರ. ಒಬ್ಬಳ ಹೆಸರಿಗೆ ಅದನ್ನು ಅಂಟಿಸಿಕೊಂಡು ಮನೆಗೆ ಹೊತ್ತು ತರುತ್ತಾನೆ. ನನ್ನ ಹಿಂದಿನ ಬೆಂಚಿನ ಹುಡುಗ ಹೊತ್ತು ತಂದದ್ದು ಇದನ್ನೇ.

ಅವನು ನೋಡಿದ್ದು ಜೇಮ್ಸ್ ವಾನ್ ನಿರ್ದೇಶಿಸಿದ 2013ರ ‘ದಿ ಕಂಜ್ಯೂರಿಂಗ್’. ಸುಮಾರು ಎರಡು ಕೋಟಿ ಡಾಲರು ವೆಚ್ಚದಲ್ಲಿ ತಯಾರಾಗಿ ಮೂವತ್ತು ಕೋಟಿಗೂ ಮೀರಿ ಗಳಿಸಿದ ಚಿತ್ರ. ಚಿತ್ರಕಲೆಯ ದೃಷ್ಟಿಯಿಂದ ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕತ್ತಲಲ್ಲಿ ಎರಡು ಕೈಗಳು ಬಂದು ಚಪ್ಪಾಳೆ ತಟ್ಟುವ ಒಂದು ನೋಟಕ್ಕೆ ನಾನೇ ಕುರ್ಚಿಯಿಂದ ಎದ್ದುಬಿಟ್ಟೆ. ಕಥೆ 1971ರದು: ಅಮೆರಿಕದ ರೋಡ್ ಐಲೆಂಡ್ ಪ್ರಾಂತದ ಹ್ಯಾರಿಸ್‌ವಿಲ್ ಎಂಬಲ್ಲಿಯ ಹಳೆಯ ತೋಟದ ಮನೆ, ಅದಕ್ಕೆ ಹೊಸದಾಗಿ ಬಂದ ಒಂದು ಕುಟುಂಬ, ಅವರನ್ನು ಕಾಡುವ ಹೆಣ್ಣು ದೆವ್ವ. ಆ ದೆವ್ವದ ಹೆಸರು ಬಾತ್‌ಶೆಬಾ ಶರ್ಮನ್. 1863ರಲ್ಲಿ ಅವಳು ವಾರದ ಹಸುಗೂಸನ್ನು ಸೈತಾನನಿಗೆ ಬಲಿ ಕೊಡಹೋಗಿ ಸಿಕ್ಕಿಬಿದ್ದು, ತನ್ನ ನೆಲಕ್ಕೆ ಬರುವವರನ್ನೆಲ್ಲ ಶಪಿಸಿ ಮರಕ್ಕೆ ನೇಣು ಹಾಕಿಕೊಂಡಳೆಂದು ಚಿತ್ರ ಹೇಳುತ್ತದೆ.

ಬಾತ್‌ಶೆಬಾ ಶರ್ಮನ್ ಎಂಬವರು ಇದ್ದುದು ದಿಟ. 1812ರಲ್ಲಿ ಹುಟ್ಟಿದರು; ಅದೇ ಸೀಮೆಯ ರೈತನೊಬ್ಬನನ್ನು ಮದುವೆಯಾದರು; ಮಗನನ್ನು ಸಾಕಿ ಬೆಳೆಸಿದರು; 1885ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ತೀರಿಕೊಂಡರು. ಎಂದರೆ ಚಿತ್ರ ಅವರನ್ನು ನೇಣಿಗೆ ಹಾಕಿದ ಮೇಲೂ ಇಪ್ಪತ್ತೆರಡು ವರ್ಷ ಅಡಿಗೆ ಮಾಡಿ, ಬಟ್ಟೆ ಒಗೆದು, ಮುಪ್ಪಾಗಿ ಬಾಳಿದವರು. ಕೂಸನ್ನು ಬಲಿ ಕೊಟ್ಟುದಕ್ಕೆ ಆಧಾರವಾಗುವ ಯಾವ ದಾಖಲೆಯೂ ದೊರೆತಿಲ್ಲ. ಊರಿನಲ್ಲಿ ಏನೋ ಗುಸುಗುಸು ಮಾತು ಹಿಂದಿನಿಂದಲೂ ಇತ್ತಂತೆ. ಆದರೆ ಊರ ಮಾತು ಊರ ಗಡಿಯನ್ನು ದಾಟುವುದು ಕಷ್ಟ. ಚಿತ್ರ ಅದಕ್ಕೆ ರೆಕ್ಕೆ ಕಟ್ಟಿ, ನಮ್ಮ ಊರಿನ ಹಿಂದಿನ ಬೆಂಚಿನವರೆಗೂ ಹಾರಿಸಿತು. ಹ್ಯಾರಿಸ್‌ವಿಲ್‌ನ ಸ್ಮಶಾನದಲ್ಲಿ ಅವರ ಸಮಾಧಿಯ ಕಲ್ಲು ಉಂಟು. ಕುತೂಹಲಕ್ಕೆ ಬಂದವರು ಅದನ್ನು ಮತ್ತೆ ಮತ್ತೆ ಒಡೆದು ಹಾಕಿದ್ದಾರೆ. ಒಬ್ಬ ರೈತನ ಹೆಂಡತಿ ಲೋಕದಲ್ಲಿ ಬಿಟ್ಟುಹೋದ ಗುರುತು ಆ ಕಲ್ಲು ಮಾತ್ರ ಎಂಬುದನ್ನು ವಾಚಕರು ಗಮನಿಸಬೇಕು.

ಇನ್ನೂ ಒಂದು ಸಂಗತಿ ಉಂಟು. ಬಾತ್‌ಶೆಬಾ ಮಾಟಗಾತಿ ಎಂಬುದಕ್ಕೆ ಪುಷ್ಟಿ ಕೊಡಲೆಂದು, ಅವಳು ಸೇಲಂನಲ್ಲಿ ಗಲ್ಲಿಗೇರಿದ ಮೇರಿ ಈಸ್ಟಿಯ ಸಂಬಂಧಿ ಎಂದು ಚಿತ್ರದ ಪಾತ್ರವೊಂದು ಹೇಳಿಬಿಡುತ್ತದೆ. ಈ ಸೇಲಂ ನಮ್ಮ ನೆರೆಯ ತಮಿಳುನಾಡಿನದಲ್ಲ. ಅಮೆರಿಕದ ಮಸಾಚುಸೆಟ್ಸ್ ಪ್ರಾಂತದ್ದು. 1692ರಲ್ಲಿ ಅಲ್ಲಿ ಮಾಟದ ಆಪಾದನೆಗೆ ಗುರಿಯಾಗಿ ಹತ್ತೊಂಬತ್ತು ಜನ ನೇಣಿಗೇರಿದರು. ಒಬ್ಬ ಮುದುಕನನ್ನು ಕಲ್ಲು ಹೇರಿ ಕೊಂದರು. ಅವರ ಮೇಲೆ ಕೋರ್ಟು ಒಪ್ಪಿಕೊಂಡ ಸಾಕ್ಷ್ಯ ಎಂಥದು ಗೊತ್ತೆ? ‘ನಿನ್ನೆ ರಾತ್ರಿ ಇವಳ ಪ್ರೇತರೂಪ ನನ್ನ ಹಾಸಿಗೆಯ ಬಳಿ ಬಂದು ಕಾಡಿತು’ ಎಂದು ಪೀಡಿತರು ಹೇಳಿದರೆ ಸಾಕು. ಆ ರೂಪ ಹೇಳಿದವರ ಕಣ್ಣಿಗಲ್ಲದೆ ಬೇರೆ ಯಾರ ಕಣ್ಣಿಗೂ ಕಾಣುವಂತಿರಲಿಲ್ಲ. ‘ನಾನು ಆ ಹೊತ್ತಿನಲ್ಲಿ ಮನೆಯಲ್ಲಿ ಮಲಗಿದ್ದೆ’ ಎಂದರೆ ಪ್ರಯೋಜನವಿಲ್ಲ. ದೇಹ ಮನೆಯಲ್ಲಿತ್ತು, ಪ್ರೇತ ತಿರುಗುತ್ತಿತ್ತು! ನಿಜವಾದ ಹೆಸರಿಗೆ ಇಲ್ಲದ ರೂಪವನ್ನು ತೊಡಿಸುವ ವಿದ್ಯೆ ಕ್ಯಾಮರಾ ಹುಟ್ಟುವ ಮೊದಲೇ ಜನರನ್ನು ಕೊಂದಿದೆ. ಮರುವರ್ಷ ಹೊಸ ನ್ಯಾಯಾಲಯ ಈ ಬಗೆಯ ಸಾಕ್ಷ್ಯವನ್ನು ತಳ್ಳಿಹಾಕಿದೊಡನೆಯೆ ಹೆಚ್ಚಿನವರೆಲ್ಲ ಬಿಡುಗಡೆಯಾದರು.

ಮೇರಿ ಈಸ್ಟಿಗೆ ಆಗ ಐವತ್ತೆಂಟು ವರ್ಷ. ಹಲವು ಮಕ್ಕಳ ತಾಯಿ. ಅಕ್ಕ ರೆಬೆಕಾ ನರ್ಸ್ ಅದಾಗಲೇ ಜುಲೈ ತಿಂಗಳಲ್ಲಿ ನೇಣಿಗೇರಿದ್ದರು. ತಾವು ಸಾಯುವುದು ಖಚಿತವೆಂದು ತಿಳಿದ ಮೇಲೆ ಈಕೆ ನ್ಯಾಯಾಧೀಶರಿಗೆ ಒಂದು ಅರ್ಜಿ ಬರೆದುಕೊಂಡರು. ಅದರಲ್ಲಿ ತಮ್ಮ ಪ್ರಾಣವನ್ನು ಬೇಡಲಿಲ್ಲ. ತಮ್ಮ ಹಿಂದೆ ಇನ್ನು ನಿರಪರಾಧಿಗಳ ರಕ್ತ ಬೀಳದಿರಲಿ ಎಂದು ಬೇಡಿದರು. ಸೆಪ್ಟೆಂಬರ್ 22ರಂದು ಅವರನ್ನು ಗಲ್ಲಿಗೇರಿಸಿದರು. 1711ರಲ್ಲಿ ಪ್ರಾಂತದ ಶಾಸನಸಭೆಯೇ ಅವರ ಮತ್ತು ಇನ್ನೂ ಹಲವರ ಶಿಕ್ಷೆಯನ್ನು ರದ್ದುಮಾಡಿತು. ಹೀಗೆ ನಿರಪರಾಧಿಯೆಂದು ಕಾಯಿದೆ ಸಾರಿದ ಹೆಂಗಸನ್ನು ಮುನ್ನೂರು ವರ್ಷಗಳ ಮೇಲೆ ಒಂದು ಚಿತ್ರ, ಒಂದೇ ಸಾಲಿನ ಮಾತಿನಲ್ಲಿ, ಮತ್ತೆ ಮಾಟಗಾತಿಯರ ಕುಲಕ್ಕೆ ಸೇರಿಸಿತು. ಇದಕ್ಕೆ ಎದುರಾಗಿ ಇನ್ನೊಂದು ಸಂಗತಿಯನ್ನು ಇಟ್ಟು ನೋಡಬೇಕು. ಸೇಲಂ ಪ್ರಕರಣದಲ್ಲಿ ಶಿಕ್ಷೆಗೆ ಗುರಿಯಾಗಿದ್ದ ಎಲಿಜಬೆತ್ ಜಾನ್ಸನ್ ಎಂಬ ಹೆಂಗಸಿನ ಹೆಸರು ಹೇಗೋ ಬಿಟ್ಟುಹೋಗಿತ್ತು. ನಾರ್ತ್ ಆಂಡೋವರ್ ಎಂಬ ಊರಿನ ಎಂಟನೆಯ ತರಗತಿಯ ಮಕ್ಕಳು ತಮ್ಮ ಉಪಾಧ್ಯಾಯಿನಿಯೊಡನೆ ಅದನ್ನು ಹಿಡಿದು, ಶಾಸಕರಿಗೆ ಬರೆದು, 2022ರಲ್ಲಿ ಆಕೆಯನ್ನು ಕಳಂಕದಿಂದ ಬಿಡಿಸಿದರು. ಶಿಕ್ಷೆಯಾದುದು 1693ರಲ್ಲಿ, ಬಿಡುಗಡೆ 329 ವರ್ಷಗಳ ಮೇಲೆ! ಸತ್ತವರ ಹೆಸರಿಗಾಗಿ ಶಾಲೆಯ ಮಕ್ಕಳು ಇಷ್ಟು ಪಾಡುಪಟ್ಟರೆಂದು ಓದಿದಾಗ, ಮೇಷ್ಟರಾದ ನನಗೆ ಗಂಟಲು ಕಟ್ಟಿತು.

ಇಂಥವರ ಪಟ್ಟಿಗೆ ಸೇರಬೇಕಾದ ಇನ್ನೊಬ್ಬರು ಸಾರಾ ವಿಂಚೆಸ್ಟರ್. ಬಂದೂಕು ತಯಾರಿಸುವ ಮನೆತನದ ಸೊಸೆ. ಮಗಳನ್ನು ಹಸುಗೂಸಾಗಿರುವಾಗಲೇ ಕಳೆದುಕೊಂಡರು. 1881ರಲ್ಲಿ ಗಂಡನೂ ಕ್ಷಯರೋಗದಿಂದ ತೀರಿಕೊಂಡ. ಕ್ಯಾಲಿಫೋರ್ನಿಯಕ್ಕೆ ಹೋಗಿ ಒಂದು ತೋಟದ ಮನೆಯನ್ನು ಕೊಂಡು, ಅದಕ್ಕೆ ಕೋಣೆಯ ಮೇಲೆ ಕೋಣೆ ಸೇರಿಸುತ್ತ ಹೋದರು. 1922ರಲ್ಲಿ ಅವರು ಸತ್ತ ಮರುವರ್ಷವೇ ಆ ಮನೆ ಟಿಕೆಟ್ಟಿಗೆ ತೆರೆಯಿತು. ಬಂದೂಕಿಗೆ ಬಲಿಯಾದವರ ಪ್ರೇತಗಳಿಗೆ ಹೆದರಿ ಆಕೆ ಮನೆ ಕಟ್ಟಿಸಿದಳೆಂಬುದು ಅಲ್ಲಿ ಹೇಳುವ ಕಥೆ; 2018ರ ಚಿತ್ರ ಅದನ್ನೇ ಹಿಡಿಯಿತು. ಅವರ ಕಾಗದಪತ್ರಗಳನ್ನು ಶೋಧಿಸಿ 2010ರಲ್ಲಿ ಜೀವನಚರಿತ್ರೆ ಬರೆದ ಮೇರಿ ಜೋ ಇಗ್ನೊಫೊ ಕಂಡದ್ದು ದೆವ್ವಕ್ಕೆ ಹೆದರಿದವಳನ್ನಲ್ಲ, ವ್ಯವಹಾರ ಬಲ್ಲ ಹೆಂಗಸನ್ನು. ಗಂಡಸೊಬ್ಬ ಇಷ್ಟ ಬಂದಂತೆ ಮನೆ ಕಟ್ಟಿಸಿದ್ದರೆ ‘ಶೋಕಿಯ ಮನುಷ್ಯ’ ಎನ್ನುತ್ತಿದ್ದರು. ವಿಧವೆ ಕಟ್ಟಿಸಿದುದರಿಂದ ದೆವ್ವ ಬೇಕಾಯಿತು.

‘ಇಷ್ಟೊಂದು ಬಿಗಿಯೇಕೆ? ಚಿತ್ರವೆಂದರೆ ಚಿತ್ರ’ ಎಂದು ನನ್ನ ಸಹೋದ್ಯೋಗಿ ಮಿತ್ರರೊಬ್ಬರು ಹೇಳಿದರು. ಪಂಪನಿಗೆ ಕೊಟ್ಟ ಸ್ವಾತಂತ್ರ್ಯವನ್ನು ಚಿತ್ರದವನಿಗೆ ಏಕೆ ಕೊಡಬಾರದು ಎಂಬುದು ಅವರ ವಾದ. ಕೊಡಬೇಕು, ಆದರೆ ಪಂಪ ಮಾಡಿದುದೇನು? ಇದ್ದ ಒಬ್ಬ ಅರಸನನ್ನು ಇದ್ದುದಕ್ಕಿಂತ ಮೇಲಕ್ಕೆ ಏರಿಸಿದ. ಅವನ ಎದುರಿಗೇ, ಅವನ ಒಪ್ಪಿಗೆಯಿಂದಲೇ ಏರಿಸಿದ. ಅದು ಉತ್ಪ್ರೇಕ್ಷೆ ಎಂಬುದು ಕೇಳುವವರಿಗೂ ಗೊತ್ತಿತ್ತು. ಇಲ್ಲಿ ಆಗುತ್ತಿರುವುದು ಎದುರು ನಿಲ್ಲಲಾರದವರನ್ನು ಕೆಳಕ್ಕೆ ತಳ್ಳುವ ಕೆಲಸ, ಅದೂ ‘ಇದು ದಿಟ’ ಎಂಬ ಆಣೆಯೊಡನೆ. ನನ್ನ ಮಿತ್ರರು ತಲೆಯಾಡಿಸಿದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

ಕಾಣದ ದೇಶದ, ಕಾಣದ ಹೆಂಗಸೊಬ್ಬರ ಬಗ್ಗೆ ನನಗೇಕೆ ಇಷ್ಟು ಕಳವಳ ಎಂದು ವಾಚಕರಿಗೆ ಅನ್ನಿಸಬಹುದು. ಅದನ್ನೂ ಹೇಳಿಬಿಡುತ್ತೇನೆ.

ನಮ್ಮ ಹಳ್ಳಿಯ ಕೆರೆಯ ಏರಿಯ ಕೆಳಗೆ ಒಂದು ಹುಣಸೆಮರವಿತ್ತು. ಅಲ್ಲಿ ವಿಧವೆಯೊಬ್ಬಳು ಉರುಳು ಹಾಕಿಕೊಂಡು ಸತ್ತಿದ್ದಾಳೆ, ಹೊತ್ತು ಮುಳುಗಿದ ಮೇಲೆ ಬಿಳಿಯ ಸೀರೆಯುಟ್ಟು ಓಡಾಡುತ್ತಾಳೆ ಎಂದು ಊರ ಮಕ್ಕಳೆಲ್ಲ ಬಲ್ಲರು. ಅವಳ ಹೆಸರೂ ಎಲ್ಲರ ಬಾಯಲ್ಲಿತ್ತು. ಹತ್ತು ವರ್ಷದವನಿದ್ದಾಗ ಒಂದು ಸಂಜೆ ಆ ದಾರಿಯಲ್ಲಿ ಓಡುತ್ತ ಬಂದು, ಏದುಸಿರು ಬಿಡುತ್ತ ನಮ್ಮ ಅಜ್ಜಿಯ ಮಡಿಲಲ್ಲಿ ಬಿದ್ದೆ. ಅಜ್ಜಿ ನನ್ನ ಬೆನ್ನು ಸವರಿ ಮೆಲ್ಲಗೆ ಹೇಳಿದರು: ‘ಅಲ್ಲಿ ಯಾರೂ ಇಲ್ಲ ಮಗು. ಇದ್ದರೂ ಅವರು ನಮ್ಮವರೇ.’

ಆ ಹೆಂಗಸು ನಮ್ಮ ತಾತನ ಸೋದರತ್ತೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದರು. ಭಾರತ ಒಂದರಲ್ಲಿಯೇ ಕೋಟಿಗೆ ಮೀರಿ ಜನರನ್ನು ಕೊಂದ 1918ರ ಇನ್‌ಫ್ಲುಯೆಂಜಾ ನಮ್ಮ ಹಳ್ಳಿಗೂ ಬಂತು. ಒಲೆ ಹೊತ್ತಿಸುವವರಿಲ್ಲದ ಮನೆಗಳಿಗೆ ಈಕೆ ಗಂಜಿ ಕಾಯಿಸಿ ಒಯ್ಯುತ್ತಿದ್ದರಂತೆ. ಕೊನೆಗೆ ಜ್ವರ ಅವರನ್ನೂ ಹಿಡಿಯಿತು. ಹೆಣ ಹೊರುವುದಕ್ಕೆ ಗಟ್ಟಿಮುಟ್ಟಾದ ನಾಲ್ಕು ಜನ ಸಿಕ್ಕದೆ, ಸ್ಮಶಾನದವರೆಗೆ ಹೋಗಲಾರದೆ, ಆ ಹುಣಸೆಮರದ ಹತ್ತಿರವೇ ಸುಟ್ಟರು. ಇದನ್ನು ಅಜ್ಜಿ ತಮ್ಮ ಅತ್ತೆಯ ಬಾಯಿಂದ ಕೇಳಿದ್ದರು. ಉರುಳು, ಬಿಳಿಯ ಸೀರೆ, ಇವೆಲ್ಲ ಆಮೇಲೆ ಬಂದು ಸೇರಿಕೊಂಡುವು. ಅವರು ಗಂಜಿ ಕೊಟ್ಟು ಉಳಿಸಿದವರ ಮೊಮ್ಮಕ್ಕಳೇ ಅವರ ಹೆಸರು ಹೇಳಿ ಒಬ್ಬರನ್ನೊಬ್ಬರು ಹೆದರಿಸುತ್ತಿದ್ದರು. ಮಹಾಲಯ ಅಮಾವಾಸ್ಯೆಯ ದಿನ ನಮ್ಮ ಅಜ್ಜಿ ಎಡೆಗೆ ಒಂದು ಹಿಡಿ ಅನ್ನ ಹೆಚ್ಚಾಗಿ ಬಡಿಸುತ್ತಿದ್ದರು. ಆ ಹಿಡಿ ಯಾರದೆಂದು ನನಗೆ ಅಂದಿನಿಂದ ಗೊತ್ತು.

ಇಷ್ಟೆಲ್ಲ ಗೊತ್ತಿದ್ದವನು ನಾನು ಮಾಡಿದ ಕೆಲಸವನ್ನು ಕೇಳಿ. ಬಿ.ಎ. ಓದುವಾಗ ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಂದು ದೆವ್ವದ ಕಥೆ ಬರೆದೆ. ಅದೇ ಹುಣಸೆಮರ, ಅದೇ ಏರಿ, ಅದೇ ಉರುಳು. ಹೆಸರು ಕೂಡ ಅದೇ. ಕಿವಿಗೆ ಒಳ್ಳೆಯ ಹೆಸರು, ನಿಜವಾದ ಹೆಸರಾದರೆ ಕಥೆಗೆ ಕಳೆ ಬರುತ್ತದೆ ಎಂದು ಹಾಗೆಯೇ ಉಳಿಸಿಕೊಂಡೆ. ಬಹುಮಾನವೂ ಬಂತು. ರಜೆಗೆ ಊರಿಗೆ ಹೋದಾಗ ನನ್ನ ತಂಗಿ ಅದನ್ನು ಹಜಾರದಲ್ಲಿ ಗಟ್ಟಿಯಾಗಿ ಓದಿದಳು. ಎಲ್ಲರೂ ಮೆಚ್ಚಿದರು. ಅಜ್ಜಿ ಅಕ್ಕಿ ಆರಿಸುತ್ತ ಕೊನೆಯವರೆಗೂ ಕೇಳಿ, ಮೊರವನ್ನು ಪಕ್ಕಕ್ಕಿಟ್ಟು, ‘ಹೆಸರಾದರೂ ಬದಲಾಯಿಸಬಾರದಿತ್ತೇ ಮಗು?’ ಎಂದರು. ಬೇರೆ ಏನೂ ಹೇಳಲಿಲ್ಲ. ಆಮೇಲೆ ಎಂದೂ ಆ ಮಾತು ಎತ್ತಲೂ ಇಲ್ಲ.

ಈಗ ಅಜ್ಜಿಯೂ ಇಲ್ಲ. ರಸ್ತೆ ಅಗಲ ಮಾಡುವಾಗ ಮರವೂ ಹೋಯಿತು. ದೆವ್ವದ ಕಥೆ ಮಾತ್ರ ಇದೆ. ಈಗಲೂ ಅದೇ ಹೆಸರಿನಲ್ಲಿಯೇ ಇದೆ. ಅದರ ಉಳಿವಿಗೆ ನನ್ನ ಕಾಣಿಕೆಯೂ ಉಂಟು. ಅದಕ್ಕೇ ಆ ಹೆಸರನ್ನು ಇಲ್ಲಿ ಬರೆಯಲಿಲ್ಲ.

ಅಜ್ಜಿಯ ಆ ಮಾತಿನಲ್ಲಿ ಇನ್ನೊಂದು ಸೂಕ್ಷ್ಮವನ್ನು ನಾನು ಗುರುತಿಸಿದ್ದು ತಡವಾಗಿ. ಊರೆಲ್ಲ ‘ಅವಳು’ ಎನ್ನುತ್ತಿದ್ದವರನ್ನು ಅಜ್ಜಿ ‘ಅವರು’ ಎಂದಿದ್ದರು. ಕನ್ನಡದಲ್ಲಿ ದೇವರಿಗೂ ಏಕವಚನ ಸಲ್ಲುತ್ತದೆ, ಅದು ಸಲಿಗೆಯದು. ಪಂಪನಿಗೂ ಲಿಂಕನ್ನನಿಗೂ ಏಕವಚನ ಸಲ್ಲುತ್ತದೆ. ಅವರ ಕೀರ್ತಿ ಅದನ್ನು ತಡೆದುಕೊಳ್ಳುತ್ತದೆ. ದೆವ್ವದ ಏಕವಚನ ಬೇರೆ ಬಗೆಯದು. ಮನೆಯೊಳಗೆ ಅತ್ತೆ, ಅಮ್ಮ, ದೊಡ್ಡಮ್ಮ ಎನ್ನಿಸಿಕೊಂಡಿದ್ದವರು ಆ ಸಂಬಂಧಗಳನ್ನೆಲ್ಲ ಕಳೆದುಕೊಂಡಾಗ ಉಳಿಯುವ ಬರಿಯ ‘ಅವಳು’ ಅದು.

ರಜೆ ಮುಗಿದು ಕಾಲೇಜು ತೆರೆದ ಮೇಲೆ ಒಂದು ಇಡೀ ಗಂಟೆಯನ್ನು ತೆಗೆದುಕೊಂಡು, ಇಲ್ಲಿ ಬರೆದುದನ್ನೆಲ್ಲ ತರಗತಿಯಲ್ಲಿ ಹೇಳಿದೆ. ಹುಣಸೆಮರದ ಸಂಗತಿಯನ್ನೂ ಮುಚ್ಚಿಡಲಿಲ್ಲ. ‘ಹಾಗಾದರೆ ದೆವ್ವದ ಚಿತ್ರ ನೋಡಲೇಬಾರದೇ ಸರ್?’ ಎಂದು ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು. ‘ಧಾರಾಳವಾಗಿ ನೋಡಿ. ಚೆನ್ನಾಗಿ ಹೆದರಿ. ಆದರೆ ನಿಜವಾದ ಹೆಸರೊಂದು ಕಿವಿಗೆ ಬಿದ್ದರೆ, ಆ ಹೆಸರಿನವರ ಬಗ್ಗೆ ಬೇರೆ ಕಡೆ ನಾಲ್ಕು ಸಾಲನ್ನಾದರೂ ಓದಿಕೊಳ್ಳಿ. ಅಷ್ಟು ಸಾಕು’ ಎಂದೆ. ಪಾಠ ಮತ್ತೆ ಪಂಪನಿಗೆ ಮರಳಿತು.

ಎರಡು ದಿನ ಕಳೆದಮೇಲೆ ಆ ಹಿಂದಿನ ಬೆಂಚಿನ ಹುಡುಗ ಅಧ್ಯಾಪಕರ ಕೊಠಡಿಯ ಬಾಗಿಲಿಗೆ ಬಂದು ನಿಂತ. ಕೈಯಲ್ಲಿ ಮೊಬೈಲು ಇತ್ತು.

‘ಹುಡುಕಿ ನೋಡಿದೆ ಸರ್. ಅವರು 1885ರಲ್ಲಿ ತೀರಿಕೊಂಡರಂತೆ.’

ಅವನ ಬಾಯಲ್ಲಿ ಬಂದ ಆ ‘ಅವರು’ ಅವನಿಗೆ ಗೊತ್ತಾಗಿಯೇ ಬಂದಿತೋ ಇಲ್ಲವೋ, ನಾನು ಕೇಳಲಿಲ್ಲ.